ಕೋಲೂರಿ ಬಂದ ಮತದಾರ

ತಿಜೂರಿಯ ಬಾಗಿಲ ಒಳಮೈಗೆ ಮನೆಮಂದಿ ಏನು ಅಂಟಿಸುತ್ತಾರೆ ಎಂಬುದನ್ನು ನೋಡಿದರೆ ಆ ಮನೆಯ ಅರ್ಧ ಚರಿತ್ರೆ ತಿಳಿಯುತ್ತದೆ. ಕೆಲವರು ಲಕ್ಷ್ಮಿಯ ಸ್ಟಿಕರ್ ಹಚ್ಚುತ್ತಾರೆ, ಕೆಲವರು ಹಳೆಯ ಲಗ್ನಪತ್ರಿಕೆ ಸಿಕ್ಕಿಸುತ್ತಾರೆ, ಹೆಂಗಸರು ಕನ್ನಡಿಯ ಅಂಚಿಗೆ ಹಣೆಯ ಟಿಕಳಿ ಅಂಟಿಸಿ ಮರೆತುಬಿಡುತ್ತಾರೆ. ನಮ್ಮ ದೊಡ್ಡವ್ವನ ಬಟ್ಟೆಯಿಡುವ ಉಕ್ಕಿನ ತಿಜೂರಿಯೊಳಗೆ, ನುಸಿಗುಳಿಗೆಯ ವಾಸನೆಯ ಇಳಕಲ್ ಸೀರೆಗಳಿಗೆ ಎದುರಾಗಿ, ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಒಂದು ಮತಗಟ್ಟೆ ಇದೆ. ಮೈದಾ ಅಂಟಿನಿಂದ ಅದನ್ನು ಅಲ್ಲಿ ಅಂಟಿಸಿದವಳು ನಾನು. ದೊಡ್ಡವ್ವ ಅದನ್ನು ಕಂಡಿಲ್ಲ, ಕಾಣಲಾರಳು. ಆದರೆ ಆ ಚಿತ್ರವನ್ನು ನನಗಿಂತ ಚೆನ್ನಾಗಿ ನೋಡಿದವಳು ಅವಳೇ ಎಂದು ಈಗ ಒಪ್ಪಿಕೊಳ್ಳದೆ ಗತ್ಯಂತರವಿಲ್ಲ.

ಆ ಕಾಲದ ಚಿತ್ರಕಾರನೊಬ್ಬ ತನ್ನ ನಾಡಿನ ಚುನಾವಣೆಯನ್ನು ಗೇಲಿ ಮಾಡಿ ನಾಲ್ಕು ಚಿತ್ರ ಬರೆದ. ಮೊದಲನೆಯದರಲ್ಲಿ ಮತದಾರರಿಗೆ ಭರ್ಜರಿ ಊಟ. ಎರಡನೆಯದರಲ್ಲಿ ರೈತನೊಬ್ಬ ನಡುವೆ ನಿಂತಿದ್ದಾನೆ, ಎರಡೂ ಪಕ್ಷದವರು ಅವನ ಒಂದೊಂದು ಅಂಗೈಗೆ ಕಾಸು ಸುರಿಯುತ್ತಿದ್ದಾರೆ, ಅವನ ಮುಖದಲ್ಲಿ ಅಳುಕಿನ ಒಂದು ಗೆರೆಯೂ ಇಲ್ಲ. ಮೂರನೆಯದು ಮತದಾನ. ನಾಲ್ಕನೆಯದರಲ್ಲಿ ಗೆದ್ದವನನ್ನು ಕುರ್ಚಿಸಹಿತ ಹೆಗಲಿಗೇರಿಸಿದ್ದಾರೆ. ಕುರ್ಚಿ ವಾಲುತ್ತಿದೆ, ಹೊತ್ತವರ ಕಾಲಡಿಯಲ್ಲಿ ಹಂದಿಗಳು ಓಡುತ್ತಿವೆ. ಈ ಚಿತ್ರಗಳ ಬಗ್ಗೆ ಬಲ್ಲವರೆಲ್ಲ ಹೇಳುವ ಕಥೆ ಒಂದೇ: ಆಗ ಮತವೆಂಬುದು ಬಹಿರಂಗ, ಮತದಾರ ಮೆಟ್ಟಿಲು ಹತ್ತಿ ನಿಂತು ಎಲ್ಲರೆದುರು ಬಾಯಿಬಿಟ್ಟು ಹೆಸರು ಹೇಳಬೇಕಿತ್ತು, ಹಾಗಾಗಿ ಹೆದರಿಸುವವರಿಗೂ ಕೊಳ್ಳುವವರಿಗೂ ಸುಗ್ಗಿ, ಮುಂದೆ ಗುಪ್ತ ಮತದಾನ ಬಂತು, ರೋಗ ಇಳಿಯಿತು, ಚಿತ್ರಗಳು ಗೋಡೆಯ ಮೇಲಿನ ನಗೆಯಾಗಿ ಉಳಿದವು. ಈ ಕಥೆಯನ್ನು ನಾನೂ ಚರ್ಚಾಸ್ಪರ್ಧೆಗಳಲ್ಲಿ ಕೈಬೀಸಿ ಹೇಳಿದ್ದೇನೆ, ಎಚ್ಚರಿಕೆಯ ಗಂಟೆ ಬಾರಿಸುವುದರೊಳಗೆ ಮುಗಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಈಗ ಆ ಕಥೆಯ ಮೇಲೆ ನನಗೆ ನಂಬಿಕೆಯಿಲ್ಲ. ಏಕೆ ಇಲ್ಲವೆಂಬುದನ್ನು ನಿಮ್ಮ ಮುಂದಿಡುತ್ತೇನೆ, ತೀರ್ಪು ನಿಮ್ಮದು.

ಬಸವನ ಬಾಗೇವಾಡಿಯಲ್ಲಿ ಓದುವಾಗ ನಾನು ದೊಡ್ಡವ್ವನ ಮನೆಯಲ್ಲಿದ್ದೆ. ಅಪ್ಪನಿಗೆ ಆಲಮಟ್ಟಿಯಲ್ಲಿ ಕಾಲುವೆಯ ಕೆಲಸ, ಅವ್ವನೂ ಅಲ್ಲೇ. ದೊಡ್ಡವ್ವನ ಊರು ಇಂಗಳೇಶ್ವರದ ಬಸ್ಸಿಳಿದು ಇನ್ನೂ ಮುಂದೆ ಹೋಗಬೇಕಾದ ಊರು. ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರಿನವರು ಮಾತ್ರ ಮುನಿಯುತ್ತಾರೆ, ಹೇಳದಿದ್ದರೆ ನಾಕಾರು ಊರಿನವರು ತಮ್ಮದೇ ಇರಬೇಕೆಂದು ಮುನಿಯುತ್ತಾರೆ, ಎರಡನೆಯದೇ ನ್ಯಾಯ. ಚರ್ಚಾಸ್ಪರ್ಧೆ ಎಂದರೆ ನನಗೆ ಆಗ ಹಸಿವು ನೀರಡಿಕೆ ಇರುತ್ತಿರಲಿಲ್ಲ. ಇಂಡಿ ಪಟ್ಟಣವಾಗಲಿ, ಮುದ್ದೇಬಿಹಾಳವಾಗಲಿ, ಬಸ್ಸು ಹತ್ತುವಾಗ ವಿಷಯದ ಪರ, ಇಳಿಯುವಾಗ ವಿರೋಧ. ಇಂಡಿಯಲ್ಲಿ ಗೆದ್ದಾಗ ಶಾಲಿನ ಜೊತೆ ಒಂದು ಚೀಲ ನಿಂಬೆಹಣ್ಣು ಕೊಟ್ಟಿದ್ದರು, ಒಂದು ತಿಂಗಳು ಮನೆಯಲ್ಲಿ ಚಿತ್ರಾನ್ನವೇ. ಸಿಂದಗಿಯಲ್ಲಿ ಮಾತ್ರ ತೀರ್ಪುಗಾರರೊಬ್ಬರು ತಮ್ಮ ಕಪಾಟಿನಿಂದಲೇ ಎತ್ತಿಕೊಟ್ಟಂತಿದ್ದ, ರಟ್ಟು ಕಳಚಿದ ಚಿತ್ರಗಳ ಪುಸ್ತಕವೊಂದು ಬಹುಮಾನವಾಗಿ ಬಂತು. ಅದರಲ್ಲಿ ಈ ನಾಲ್ಕು ಚಿತ್ರಗಳಿದ್ದವು. ಮೂರನೆಯ ಹಾಳೆ ಹೊಲಿಗೆ ಬಿಟ್ಟು ಬಿದ್ದಾಗ ಅದನ್ನು ತಿಜೂರಿಗೆ ಹಚ್ಚಿದೆ.

ದೊಡ್ಡವ್ವನ ಕಣ್ಣುಗಳು ಸಕ್ಕರೆ ಬೇನೆಗೆ ಮೆಲ್ಲಗೆ ಹೋದವು, ಸಂಜೆ ಬಯಲಿನಿಂದ ಬಿಸಿಲು ಹಿಂದೆ ಸರಿದಂತೆ. ಹುಟ್ಟು ಕುರುಡರಿಗಿರುವ ಕೈಚಳಕ ಅವಳಿಗೆ ಒಲಿಯಲಿಲ್ಲ. ಚುಕ್ಕೆಗಳ ಲಿಪಿ ಕಲಿಯುವ ವಯಸ್ಸೂ ಅದಲ್ಲ. ಅವಳಿಗೆ ಒಲಿದದ್ದು ಅವಳ ಮಗನ ಕೈ. ಟೆಂಪೊ ಓಡಿಸುವ ಸಂಗಣ್ಣ ಮೊದಲ ಪಾಳಿಗೆ ಹೋಗುವ ಮುನ್ನ ಅವ್ವನ ಕೈಹಿಡಿದು ಓಣಿ ದಾಟಿಸುತ್ತಾನೆ, ಉಣ್ಣುವಾಗ "ಬದನಿಕಾಯಿ ನಿನ್ನ ಬಲಕ್ಕ ಐತಿ, ಚಟ್ನಿ ಎಡಕ್ಕ" ಎಂದು ತಾಟಿನ ಭೂಗೋಳ ಹೇಳುತ್ತಾನೆ, ರೊಟ್ಟಿಯನ್ನು ತಾನೇ ಮುರಿದಿಡುತ್ತಾನೆ. ನನ್ನಂಥ ಅನುಮಾನದ ಪಿಶಾಚಿಗೂ ಆ ಪ್ರೀತಿಯಲ್ಲಿ ಕಲ್ಲು ಹುಡುಕಲು ಆಗಲಿಲ್ಲ. ಇದನ್ನು ನೀವು ನೆನಪಿಡಬೇಕು. ಮುಂದೆ ನಾನು ಹೇಳಲಿರುವುದು ಕೆಟ್ಟ ಮಗನೊಬ್ಬನ ಕಥೆಯಾಗಿದ್ದರೆ ನನ್ನ ಕೆಲಸ ಎಷ್ಟೋ ಹಗುರಾಗುತ್ತಿತ್ತು.

ಒಂದು ಮಧ್ಯಾಹ್ನ ಸೀರೆ ತೆಗೆಯಲು ಹೋದ ದೊಡ್ಡವ್ವನ ಬೆರಳು ಹಾಳೆಯ ಅಂಚಿಗೆ ತಾಗಿತು.

"ಏನ್ ಅಂಟಿಸೀಯವ್ವ ಇಲ್ಲಿ? ನಿನ್ನ ಸರ್ಟಿಫಿಕೇಟ ಏನು?"

ಅಲ್ಲ, ಚಿತ್ರ ಎಂದೆ. ಹೇಳು ಎಂದಳು. ತಿಜೂರಿಯ ಮುಂದೆ ನೆಲಕ್ಕೆ ಕುಳಿತು ಹೇಳತೊಡಗಿದೆ. ಯುದ್ಧದಲ್ಲಿ ಕೈ ಕಳೆದುಕೊಂಡ ಸಿಪಾಯಿಯೊಬ್ಬ ಧರ್ಮಗ್ರಂಥದ ಮೇಲೆ ಕೈಯ ಬದಲು ಕಬ್ಬಿಣದ ಕೊಕ್ಕೆ ಇಟ್ಟು ಪ್ರಮಾಣ ಮಾಡುತ್ತಿದ್ದಾನೆ, ಆ ಪ್ರಮಾಣ ನಡೆಯುತ್ತದೋ ಇಲ್ಲವೋ ಎಂದು ವಕೀಲರು ಜಗಳಕ್ಕೆ ಬಿದ್ದಿದ್ದಾರೆ ಎಂದಾಗ ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಖರೆ ಐತಲ್ಲ. ಸುಳ್ಳ ಹೇಳಿದ್ರ ಕೊಕ್ಕಿಗೇನ್ ಪಾಪ ಹತ್ತತೈತಿ?" ಬುದ್ಧಿ ಬೆಳೆಯದ ಒಬ್ಬನನ್ನು ಕುರ್ಚಿಯಲ್ಲಿ ಕೂಡಿಸಿ ತಂದಿದ್ದಾರೆ, ಪಕ್ಕದವನು ಅವನ ಕಿವಿಯಲ್ಲಿ ಉಸುರುತ್ತಿದ್ದಾನೆ ಎಂದೆ. "ಅಂವ ನಮ್ಮೂರಾಗೂ ಅದಾನ ಬಿಡು" ಎಂದಳು. ಸಾಯುತ್ತಿರುವವನನ್ನು ಕಂಬಳಿಯಲ್ಲಿ ಸುತ್ತಿ ಹೊತ್ತು ತರುತ್ತಿದ್ದಾರೆ. ದೂರದಲ್ಲಿ ನಾಡದೇವಿಯ ಸಾರೋಟು ಮುರಿದು ವಾಲಿದೆ, ಅವಳು ಕೂಗುತ್ತಿದ್ದರೂ ಸಾರೋಟು ಹೊಡೆಯುವವರು ಇಸ್ಪೀಟು ಆಡುತ್ತಿದ್ದಾರೆ. ಎಲ್ಲಕ್ಕೂ ಅವಳು ಊರಿನ ಒಬ್ಬೊಬ್ಬರ ಹೆಸರು ಹಚ್ಚಿದಳು. ಕೊನೆಗೆ, ಇವರೆಲ್ಲರ ಹಿಂದೆ ಒಬ್ಬ ಕುರುಡ ಮೆಟ್ಟಿಲು ಹತ್ತುತ್ತಿದ್ದಾನೆ ಎಂದು ಅವಳ ಬೆರಳನ್ನು ಅವನ ಮೇಲಿಟ್ಟೆ.

ನಗು ನಿಂತಿತು. "ಅವನ ಕೈ ಯಾರು ಹಿಡದಾರ?"

"ಯಾರೂ ಹಿಡದಿಲ್ಲ. ಕೋಲ ಐತಿ."

"ಮತ್ತ ವೋಟ ಹ್ಯಾಂಗ ಹಾಕತಾನ?"

"ಬಾಯಿಲೆ. ಎಲ್ಲಾರ ಮುಂದ ಹೆಸರ ಹೇಳತಾನ, ಅವರು ಬರಕೋತಾರ."

ದೊಡ್ಡವ್ವ ಸೀರೆಯ ಮಡಿಕೆ ಸವರಿದಳು. "ಪುಣ್ಯವಂತ" ಎಂದಳು.

ನನಗೆ ತಡೆಯಲಾಗಲಿಲ್ಲ. ಪುಣ್ಯ ಎಲ್ಲಿಂದ ಬಂತು, ಹೊಲದ ಧಣಿ ಎದುರಿಗೇ ನಿಂತಿರುತ್ತಾನೆ, ತಪ್ಪು ಹೆಸರು ಹೇಳಿದರೆ ನಾಳೆ ಕೂಲಿಯಿಲ್ಲ, ಅದಕ್ಕೇ ಅಲ್ಲವೇ ಗುಟ್ಟು ಬೇಕಾದದ್ದು ಎಂದು ಸಿಂದಗಿಯಲ್ಲಿ ಗುಪ್ತ ಮತದಾನದ ಪರ ಆಡಿದ ಮಾತನ್ನೆಲ್ಲ ಮತ್ತೆ ಆಡಿದೆ. ಅವಳು ಪೂರ್ತಿ ಕೇಳಿದಳು. "ಅಂಜಿಕಿ ಇತ್ತು, ಖರೆ. ಆದ್ರ ತಾ ಏನ್ ಹೇಳ್ದೆ ಅನ್ನೂದು ಅವನ ಕಿವಿಗರೆ ಬಿತ್ತಲ್ಲ ಯವ್ವಾ." ಆ ಮಾತಿನ ಭಾರ ಆಗ ನನಗೆ ತಿಳಿಯಲಿಲ್ಲ. ಉತ್ತರ ಹೊಳೆಯದಿದ್ದರೆ ಎದುರಾಳಿ ವಿಷಯ ಬಿಟ್ಟು ಹೋದನೆಂದು ಭಾವಿಸುವುದು ನಮ್ಮ ವಾದವಿದ್ಯೆಯ ಮೊದಲ ಪಾಠ.

ಇನ್ನು ಗಟಾರದ ವಿಷಯ. ದೊಡ್ಡವ್ವನ ಓಣಿಯ ನಡುವೆ ತೆರೆದ ಗಟಾರವೊಂದು ಹಾಯುತ್ತದೆ, ಅದರ ಮೇಲೆ ಫರ್ಸಿಕಲ್ಲಿನ ಚಪ್ಪಡಿ ಹಾಕಿಸಬೇಕೆಂಬುದು ಓಣಿಯ ಹಳೆಯ ಬೇಡಿಕೆ. ಸಂಗಣ್ಣ ಬರುವುದು ತಡವಾದ ಒಂದು ಸಂಜೆ ದೊಡ್ಡವ್ವ ಒಬ್ಬಳೇ ಹೊರಟು ಅದರೊಳಗೆ ಬಿದ್ದಳು. ಎತ್ತಿದವಳು ಎದುರು ಮನೆಯ ಮಹಾದೇವಿ, ಕುಬಸ ಹೊಲಿಯುವ ಹೆಂಗಸು. ಒಮ್ಮೆ ಸೀಮೆಸುಣ್ಣ ಎಳೆದರೆ ಕತ್ತರಿ ಗೆರೆ ಬಿಟ್ಟು ಒಂದು ಕೂದಲೆಳೆಯಷ್ಟೂ ಜರುಗದು ಎಂದು ಹೆಸರಾದವಳು. ಕೆಸರಾದ ಸೀರೆ ಬಿಡಿಸಿ, ಮೀಯಿಸಿ, ಮರುದಿನ ಪಂಚಾಯಿತಿಗೆ ಹೋಗಿ ಕೇಳಿದಳು. ಅವರು ನಕ್ಕರು. ಅದಾದ ಮೇಲಿನ ಚುನಾವಣೆಗೆ ಮಹಾದೇವಿ ನಾಮಪತ್ರ ಹಾಕಿದಳು. ಗುರುತು ಹೊಲಿಗೆ ಯಂತ್ರ.

ಊರಿನ ಹಿರಿಯರು ಆ ಸಲ ಎಲ್ಲ ಸೀಟನ್ನೂ ಅವಿರೋಧವಾಗಿಸಲು ಪಣ ತೊಟ್ಟಿದ್ದರು. ಗುಡಿಯ ಕಟ್ಟೆಯ ಮೇಲೆ ಕುಳಿತು ಯಾರಿಗೆ ಯಾವ ಸೀಟು ಎಂದು ಹಂಚಿಕೊಂಡಾಗಿತ್ತು, ಉಳಿದವರೆಲ್ಲ ಹಿಂದೆ ಸರಿದರು. ಮಹಾದೇವಿ ಸರಿಯಲಿಲ್ಲ. "ಗಟಾರಕ್ಕ ಫರ್ಸಿ ಹಾಕ್ರಿ, ನಾಮಪತ್ರ ಇಲ್ಲೇ ಹರೀತೇನಿ" ಎಂದಳಂತೆ. ಫರ್ಸಿಯೂ ಬರಲಿಲ್ಲ, ಪತ್ರವೂ ಹರಿಯಲಿಲ್ಲ. ಹೀಗೆ ಆ ಒಂದೇ ಸೀಟಿಗಾಗಿ ಇಡೀ ಮತಗಟ್ಟೆಯನ್ನು ತೆರೆಯಬೇಕಾಯಿತು, ಊರಿನ ಮುಖಕ್ಕೆ ಮಸಿ ಹತ್ತಿತೆಂದು ಹಿರಿಯರು ಕೊರಗಿದರು. ದೊಡ್ಡವ್ವ ಮಾತ್ರ ಮಹಾದೇವಿಯ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದು ಹೇಳಿದ್ದನ್ನು ನಾನೇ ಕೇಳಿದೆ: "ಯಾರ್ ಹಾಕ್ಲಿ ಬಿಡ್ಲಿ, ನಂದು ನಿನಗ."

ನಮ್ಮ ಕಡೆ ಮಾತು ಕಟ್ಟುವ ಕ್ರಮವೊಂದಿದೆ. ಊರು ಒಂದು ನಿರ್ಣಯ ಮಾಡಿದರೆ ಗುಡಿಯಲ್ಲಿ ದೇವರ ಭಂಡಾರ, ಎಂದರೆ ಅರಿಸಿನದ ಪುಡಿ, ಮುಟ್ಟಿ ಆಣೆ ಮಾಡಬೇಕು. ಮತ್ತು ಆ ಆಣೆ ತಲೆಗೊಂದಲ್ಲ, ಒಲೆಗೊಂದು. ಮನೆಗೊಬ್ಬ ಗಂಡಸು ಮುಟ್ಟಿದರೆ ಆ ಒಲೆಯ ಮೇಲೆ ಬೆಂದದ್ದನ್ನು ಉಣ್ಣುವವರೆಲ್ಲ ಮುಟ್ಟಿದ ಹಾಗೆ. ಮತದಾನದ ಹಿಂದಿನ ಸಂಜೆ ಒಬ್ಬೊಬ್ಬರೇ ಹೋಗಿ ಮಹಾದೇವಿಗೆ ಮತ ಹಾಕುವುದಿಲ್ಲವೆಂದು ಭಂಡಾರ ಮುಟ್ಟಿ ಬಂದರು. ಮಹಾದೇವಿಯ ಗಂಡನೂ ಮುಟ್ಟಿದ. ಸಂಗಣ್ಣನೂ ಮುಟ್ಟಿದ, ಹಳದಿ ಅಂಗೈ ಬಾಡಿಗೆ ಟೆಂಪೊದ ಸ್ಟೇರಿಂಗಿಗೆ ಹತ್ತದಿರಲೆಂದು ಬಾಗಿಲಲ್ಲಿ ನೀರು ಕೇಳಿದ.

"ದೊಡ್ಡವ್ವನ ಮಾತ ಕೇಳಿದೇನಣ್ಣ ನೀ?" ಎಂದೆ.

"ತಂಗಿ, ನಾಳೆ ಈ ಊರಾಗ ಗಾಡಿ ಓಡಿಸಾಂವ ನಾ. ನೀ ಆಲಮಟ್ಟಿ ಬಸ್ ಹತ್ತಾಕಿ."

"ಆಕೀದು ಬ್ಯಾರೆ ವೋಟ ಐತಿ."

"ಒಲಿ ಒಂದ ಐತಿ" ಎಂದು ಕೈ ತೊಳೆದ. ಒಳಗೆ ದೊಡ್ಡವ್ವ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸುಲಿಯುವ ಸದ್ದು ನಿಂತಿತ್ತು.

ಮರುದಿನ ನಾನು ನಿಜಕ್ಕೂ ಆಲಮಟ್ಟಿಯ ಬಸ್ಸು ಹತ್ತಿದೆ, ನನ್ನ ಮತ ಅಲ್ಲಿತ್ತು. ಹಾಗಾಗಿ ಮತಗಟ್ಟೆಯೊಳಗೆ ನಡೆದದ್ದಕ್ಕೆ ನಾನು ಸಾಕ್ಷಿಯಲ್ಲ, ಯಾರೂ ಅಲ್ಲ. ಕಣ್ಣಿಲ್ಲದವರ ಜೊತೆಗೆ ಒಬ್ಬರು ಮರೆಯ ಹಿಂದೆ ಹೋಗಬಹುದು, ಅವರು ಹೇಳಿದ ಗುರುತಿಗೆ ಮುದ್ರೆಯ ಶಿಕ್ಕಾ ಒತ್ತಬಹುದು, ಆ ಗುಟ್ಟನ್ನು ಯಾರಿಗೂ ಬಿಡುವುದಿಲ್ಲವೆಂದು ಮೊದಲೇ ಬರೆದು ಕೊಡಬೇಕು. ಸಂಗಣ್ಣ ಬರೆದು ಕೊಟ್ಟ. ನಾನು ಮರಳಿ ಬಂದಾಗ ಅವನ ಎರಡೂ ಕೈಯ ಬೆರಳಿಗೆ ಮಸಿಯಿತ್ತು, ಒಂದು ತನ್ನ ಮತದ್ದು, ಒಂದು ಅವ್ವನ ಜೊತೆ ಹೋದದ್ದಕ್ಕೆ ಹಚ್ಚಿದ್ದು. ಬಲಗೈಯ ಉಗುರ ಸಂದಿಯಲ್ಲಿ ಅರಿಸಿನ ಇನ್ನೂ ಉಳಿದಿತ್ತು. ದೊಡ್ಡವ್ವ ಮಸಿ ಹಚ್ಚಿದ ಬೆರಳನ್ನು ಎತ್ತಿಹಿಡಿದ ಫೋಟೊ ಯಾರ್ಯಾರದೋ ಮೊಬೈಲಿನಲ್ಲಿ ಓಡಾಡಿತು, ಕಣ್ಣಿಲ್ಲದಿದ್ದರೂ ಕರ್ತವ್ಯ ಮರೆಯದ ತಾಯಿ ಎಂಬ ಒಕ್ಕಣೆಯೊಂದಿಗೆ. ಇದು ಊರು ಹೇಳುವ ಕಥೆ, ಈಗಲೂ.

ಎಣಿಕೆಯಲ್ಲಿ ಮಹಾದೇವಿಗೆ ಬಂದದ್ದು ಒಂದೇ ಒಂದು ಮತ. ಕೆಲವು ಚೀಟಿಗಳು ಶಿಕ್ಕಾ ತಪ್ಪಿಬಿದ್ದು ಕೆಟ್ಟಿದ್ದವಂತೆ. ಚಹಾದಂಗಡಿಯಲ್ಲಿ ನಗೆಯೋ ನಗೆ: "ಗಂಡನೂ ಹಾಕಲಿಲ್ಲಲೇ, ಮಷೀನಿಗೆ ಮಷೀನ ಹಾಕೇತಿ." ಆ ಒಂದು ಅವಳದೇ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ, ಮತ್ತು ಹಾಗಿದ್ದರೆ ದೊಡ್ಡವ್ವನದು ಎಲ್ಲಿ ಹೋಯಿತೆಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಎಣಿಕೆ ಮುಗಿದ ಸಂಜೆ ಮಹಾದೇವಿ ಬಂದಳು. ಮುಖ ಊದಿತ್ತು, ದನಿಯನ್ನು ಮಾತ್ರ ಇಸ್ತ್ರಿ ಮಾಡಿಕೊಂಡು ಬಂದಿದ್ದಳು. ದೊಡ್ಡವ್ವನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಹೇಳಿದಳು: "ಅಕ್ಕಾ, ಆ ಒಂದು ವೋಟ ನಿಂದ. ನಂದ ಕೆಟ್ಟತು. ಕೈ ನಡಗಿ ಶಿಕ್ಕಾ ಗೆರಿ ಮ್ಯಾಲ ಬಿತ್ತು."

ದೊಡ್ಡವ್ವ ಅವಳ ಕೈಯನ್ನು ಹುಡುಕಿ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಸವರಿದಳು. "ನಿನ್ನ ಕೈ ನಡಗತೈತೇನ" ಎಂದಳು. ಅದು ಪ್ರಶ್ನೆಯಂತೆ ಕೇಳಿಸಲಿಲ್ಲ.

ಈಗ ನೀವೇ ತೀರ್ಪುಗಾರರು ಎಂದಿಟ್ಟುಕೊಳ್ಳಿ. ಮಹಾದೇವಿಯ ಮಾತಿನ ಪರ ನಾನು ವಾದಿಸಬಲ್ಲೆ: ಗಂಡ ದೇವರನ್ನು ಮುಟ್ಟಿದ್ದಾನೆ, ಒಲೆ ಒಂದೇ, ಆ ಅಂಜಿಕೆಗೆ ಎಂಥ ಕೈಯೂ ನಡುಗೀತು, ಕೆಟ್ಟ ಚೀಟಿಗಳು ಇದ್ದದ್ದೂ ನಿಜ. ವಿರೋಧವಾಗಿಯೂ ವಾದಿಸಬಲ್ಲೆ: ಜನ್ಮವಿಡೀ ಗೆರೆ ತಪ್ಪದೆ ಕತ್ತರಿಸಿದ ಕೈ, ಊರಿಗೆ ಊರೇ ಎದುರಾದರೂ ಹಿಂದೆ ಸರಿಯದ ಕೈ, ತನ್ನದೇ ಗುರುತಿನ ಮೇಲೆ ತಪ್ಪಿತೆಂದರೆ ನಂಬುವುದು ಹೇಗೆ; ಕುರುಡಿಯೊಬ್ಬಳ ಮನೆ ಮುರಿಯದಿರಲೆಂದು ಸೋತವಳೊಬ್ಬಳು ಹೊಲಿದು ತಂದ ಸುಳ್ಳು ಅದು. ಸಂಗಣ್ಣನ ಪರವೂ ಮಾತಿದೆ. ಅವನ ತಲೆಯ ಮೇಲೆ ಮೂರು ಆಣೆಗಳಿದ್ದವು, ಊರಿಗೆ ಕೊಟ್ಟದ್ದು, ಸರಕಾರಕ್ಕೆ ಬರೆದದ್ದು, ಅವ್ವನ ಕೈಹಿಡಿದು ಕರೆದೊಯ್ಯುವಾಗ ಬಾಯಿ ಬಿಡದೆ ಕೊಟ್ಟದ್ದು. ಯಾವುದನ್ನು ಮುರಿದರೂ ಅವನು ಪಾಪಿ, ಯಾವುದನ್ನು ಉಳಿಸಿಕೊಂಡರೂ ಪಾಪಿ. ಕೊಕ್ಕೆಗೆ ಪಾಪ ಹತ್ತುವುದಿಲ್ಲ ಎಂದು ದೊಡ್ಡವ್ವ ನಕ್ಕದ್ದು ನೆನಪಾಗುತ್ತದೆ. ಹಳದಿ ಬೆರಳಿಗೆ, ಮಸಿ ಬೆರಳಿಗೆ ಹತ್ತುತ್ತದೆಯೇ?

ನನ್ನನ್ನು ಕಾಡುವುದು ಬೇರೆಯೇ ಒಂದು ಸಂಗತಿ. ಆ ಇಂಗ್ಲಿಷ್ ಚಿತ್ರದಲ್ಲಿ ಕುರುಡನ ಮತ ಎಲ್ಲರಿಗೂ ಗೊತ್ತು, ಅವನಿಗೂ ಗೊತ್ತು. ಧಣಿ ಅವನನ್ನು ಹೊಡೆಯಬಹುದು, ಕೂಲಿ ಕಳೆಯಬಹುದು, ಆದರೆ ಅವನು ಆಡಿದ ಹೆಸರನ್ನು ಅವನಿಗೇ ಗೊತ್ತಾಗದಂತೆ ಬೇರೆ ಹೆಸರಾಗಿ ಮಾಡಲಾರ. ನಾವು ಆ ಮೆಟ್ಟಿಲ ಸುತ್ತ ಮರೆ ಕಟ್ಟಿದೆವು, ಬಾಯಿಯನ್ನು ಮುಚ್ಚಿ ಬೆರಳಿಗೆ ಶಿಕ್ಕಾ ಕೊಟ್ಟೆವು, ಗುಟ್ಟು ಗುಟ್ಟು ಎಂದು ಜಪ ಮಾಡಿದೆವು. ಗುಟ್ಟು ಎಷ್ಟು ಗಟ್ಟಿಯಾಯಿತೆಂದರೆ ದೊಡ್ಡವ್ವನ ಮತ ದೊಡ್ಡವ್ವನಿಂದಲೇ ಗುಟ್ಟಾಗಿ ಉಳಿಯಿತು. ಅದನ್ನು ಬಲ್ಲವನು ಜಗತ್ತಿನಲ್ಲಿ ಒಬ್ಬನೇ, ಅವನು ಹೇಳಬಾರದೆಂದು ಕಾನೂನಿದೆ. ಗುಪ್ತ ಮತದಾನ ಬೇಡವೆಂದು ನಾನು ಹೇಳುತ್ತಿಲ್ಲ, ಅಷ್ಟು ಸಲೀಸಾಗಿ ನನ್ನನ್ನು ಸೋಲಿಸಬೇಡಿ. ರೋಗ ಇಳಿಯಿತು ಎಂಬ ಮಾತನ್ನಷ್ಟೇ ವಾಪಸು ಪಡೆಯುತ್ತಿದ್ದೇನೆ. ಅದು ಚೌಕದಿಂದ ಮನೆಯೊಳಗೆ ಬಂದು, ಒಲೆಯ ಪಕ್ಕ ಕುಳಿತು, ನಮ್ಮವರದೇ ಕೈಯಾಗಿ ರೊಟ್ಟಿ ಮುರಿದಿಡುತ್ತಿದೆ. ಚೌಕದಲ್ಲಿದ್ದಾಗ ಅದನ್ನು ನೋಡಿ ನಗುವ ಚಿತ್ರ ಬರೆಯಬಹುದಿತ್ತು. ಇದನ್ನು ಯಾರು ಬರೆದಾರು, ಬರೆದರೂ ಯಾರು ನಕ್ಕಾರು?

ಕೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ, ಪ್ರಶ್ನೆಯನ್ನು ನಾಲಗೆಯ ತುದಿಯಲ್ಲಿ ಮಸೆದು ಇಟ್ಟಿದ್ದೆ. ಆದರೆ ದಿನ ಬೆಳಗಾದರೆ ದೊಡ್ಡವ್ವ ಗಟಾರ ದಾಟಬೇಕು, ದಾಟಿಸುವ ಕೈ ಅದೊಂದೇ. ಹಿಡಿದ ಕೈ ಸುಳ್ಳೆಂದು ತಿಳಿದ ಮೇಲೆ ಅದನ್ನೇ ಹಿಡಿದು ಗಟಾರ ದಾಟುವುದು ಹೇಗೆ? ಅವಳಿಗೆ ಬೇಕಿದ್ದದ್ದು ಒಂದು ಮತ, ಇದ್ದದ್ದು ಒಂದು ಕೈ. ಎರಡರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂದು ಅವಳ ಪರವಾಗಿ ನಾನು ತೀರ್ಮಾನಿಸಿದರೆ ನಾನೂ ಮರೆಯ ಹಿಂದೆ ಹೋಗಿ ಅವಳ ಬದಲು ಶಿಕ್ಕಾ ಒತ್ತಿದಂತೆಯೇ. ಹಾಗೆಂದು ಸುಮ್ಮನಾದೆ. ಜೀವನದಲ್ಲಿ ನಾನು ಸುಮ್ಮನಾದ ಸಂದರ್ಭಗಳು ಕಡಿಮೆ.

ಕಳೆದ ವಾರ ಹೋಗಿದ್ದೆ. ಗಟಾರಕ್ಕೆ ಫರ್ಸಿ ಬಂದಿಲ್ಲ. ಮಹಾದೇವಿಯ ಬಳಿ ಕುಬಸಕ್ಕೆ ಹಾಕುವವರು ಕಡಿಮೆಯಾಗಿದ್ದಾರೆ. ಊರಲ್ಲಿ ಯಾರದೋ ಮನೆಯ ಲಗ್ನ. ಸೀರೆ ತೆಗೆಯಲು ಸಂಗಣ್ಣ ಅವ್ವನನ್ನು ತಿಜೂರಿಯ ಮುಂದೆ ತಂದು ನಿಲ್ಲಿಸಿದ, ಅವಳ ಎಡಗೈ ಅವನ ಮುಂಗೈಯ ಮೇಲಿತ್ತು. ಬಾಗಿಲು ತೆರೆದಾಗ ಒಳಮೈಯ ಚಿತ್ರ ಬೆಳಕಿಗೆ ಬಂತು; ನಡುವೆಲ್ಲ ಬಣ್ಣ ಮಾಸಿಲ್ಲ, ಮೇಲಿನ ಮೂಲೆಯೊಂದು ಮಾತ್ರ ಸವೆದು ಬೆಳ್ಳಗಾಗಿದೆ. ಅದು ಆ ಕೋಲಿನವನು ಇರುವ ಜಾಗ. ಎಲ್ಲಿದ್ದಾನೆಂದು ನಾನು ಅವಳಿಗೆ ಬೆರಳಿಟ್ಟು ತೋರಿಸಿದ್ದು ಒಂದೇ ಸಲ. ಆಮೇಲೆ ಎಷ್ಟು ಸಲ ಒಬ್ಬಳೇ ಬಂದು ಅವನ ಮೇಲೆ ಬೆರಳಿಟ್ಟಳೋ ತಿಳಿಯದು. ಈಗಲೂ ಅವಳ ಬಲಗೈ ಸೀರೆಯ ಕಡೆ ಹೋಗದೆ ಆ ಮೂಲೆಗೇ ಹೋಯಿತು. ಎಡಗೈಯನ್ನು ಮಗನ ಕೈಯಿಂದ ತೆಗೆಯದೆ, ಸೀರೆಯ ಬಣ್ಣ ಕೇಳುವಷ್ಟೇ ಸಣ್ಣ ದನಿಯಲ್ಲಿ, ದೊಡ್ಡವ್ವ ಕೇಳಿದಳು:

"ಸಂಗಣ್ಣಾ, ಅವತ್ತ ನಾ ಯಾರಿಗಿ ವೋಟ ಹಾಕೀನೋ?"